ಮೆಚ್ಚುಗೆಯ ಮಾತು ಕಲಿಸುವ ಬಗೆ: ಕನ್ನಡ ತರಗತಿಗೊಂದು ಸಮಗ್ರ ಮಾರ್ಗದರ್ಶಿ

ಕಪ್ಪುಹಲಗೆಯ ಮೇಲೆ ‘ಹೊಗಳು’ ಎಂದು ಬರೆದು, ಅದರ ಎದುರಿಗೆ ‘ಪ್ರಶಂಸಿಸು, ಶ್ಲಾಘಿಸು, ಸ್ತುತಿಸು, ಕೊಂಡಾಡು, ಅಭಿನಂದಿಸು’ ಎಂದು ಸಾಲಾಗಿ ಬರೆಸಿದರೆ ಏಳನೆಯ ತರಗತಿಯ ಮಕ್ಕಳು ಮಾರನೆಯ ದಿನ ಅದನ್ನು ತಡವರಿಸದೆ ಒಪ್ಪಿಸುತ್ತಾರೆ. ಆದರೆ ಅದೇ ಮಕ್ಕಳು ಮುಂದಿನ ವಾರದ ಪ್ರಬಂಧದಲ್ಲಿ ‘ಚಾಮುಂಡಿ ಬೆಟ್ಟದ ಸೂರ್ಯೋದಯವನ್ನು ಅಭಿನಂದಿಸಿದೆವು’ ಎಂದೋ ‘ನಾವೆಲ್ಲ ಮುಖ್ಯೋಪಾಧ್ಯಾಯರ ಬೆನ್ನು ತಟ್ಟಿದೆವು’ ಎಂದೋ ಬರೆದಾಗ ನಾವು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಸುಮ್ಮನಾಗುತ್ತೇವೆ. ಸಮಾನಾರ್ಥಕಗಳ ಪಟ್ಟಿಯೇ ಈ ತಪ್ಪಿನ ತವರು. ಮೆಚ್ಚುಗೆಯ ಪದಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ನಡೆಯುವಂಥವು ತೀರ ಕಡಿಮೆ. ಯಾರು, ಯಾರನ್ನು, ಯಾವ ಕಾರಣಕ್ಕೆ, ಎಷ್ಟರಮಟ್ಟಿಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಪ್ರತಿಯೊಂದು ಪದವೂ ಬೇರೆ ಬೇರೆ ಉತ್ತರ ಕೊಡುತ್ತದೆ. ಆದ್ದರಿಂದ ಈ ಪದಗಳನ್ನು ವಾಕ್ಯದೊಳಗಿಟ್ಟು ಕಲಿಸಬೇಕೇ ಹೊರತು ಬಿಡಿಬಿಡಿಯಾಗಿ ಕಲಿಸಬಾರದು ಎಂಬುದೇ ಈ ಮಾರ್ಗದರ್ಶಿಯ ನಿಲುವು.

ಇಲ್ಲಿ ಹೇಳಿರುವ ಕ್ರಮ ಆರರಿಂದ ಒಂಬತ್ತನೆಯ ತರಗತಿಯವರೆಗೆ, ಕನ್ನಡವನ್ನು ಪ್ರಥಮ ಭಾಷೆಯಾಗಿ ಓದುವ ಮೈಸೂರು ಮತ್ತು ಮಂಡ್ಯ ಸೀಮೆಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ವಾರಕ್ಕೆ ಎರಡು ಅವಧಿ ಕೊಟ್ಟರೆ ಒಂದು ತಿಂಗಳಲ್ಲಿ ಮುಗಿಯುತ್ತದೆ. ನಗರದ ಆಂಗ್ಲ ಮಾಧ್ಯಮ ಶಾಲೆಗಳಲ್ಲಿ ದ್ವಿತೀಯ ಭಾಷೆಯಾಗಿ ಕನ್ನಡ ಓದುವವರಿಗೆ ಮೊದಲ ಐದು ಹಂತಗಳಷ್ಟೇ ಸಾಕು.

ಮೊದಲು ಪದಗಳ ಆಯ್ಕೆ

ನಿಘಂಟಿನಲ್ಲಿರುವುದೆಲ್ಲ ಬೇಡ. ಒಂದು ತಿಂಗಳಿಗೆ 25ರ ಆಸುಪಾಸಿನ ಪದಗಳು ಧಾರಾಳವಾಯಿತು. ಅವುಗಳನ್ನು ನಾಲ್ಕು ಗುಂಪಾಗಿ ಆರಿಸಿಕೊಳ್ಳುವುದು ಒಳ್ಳೆಯದು. ಮೊದಲನೆಯದು ಕ್ರಿಯಾಪದಗಳ ಗುಂಪು: ಮೆಚ್ಚು, ಹೊಗಳು, ಕೊಂಡಾಡು, ಶ್ಲಾಘಿಸು, ಪ್ರಶಂಸಿಸು, ಅಭಿನಂದಿಸು, ಗೌರವಿಸು, ಸ್ತುತಿಸು. ಎರಡನೆಯದು ನುಡಿಗಟ್ಟುಗಳದು: ತಲೆದೂಗು, ಬೆನ್ನು ತಟ್ಟು, ಮಾರುಹೋಗು, ಮೂಗಿನ ಮೇಲೆ ಬೆರಳಿಡು, ಸೈ ಎನಿಸಿಕೊಳ್ಳು, ಎತ್ತಿದ ಕೈ. ಮೂರನೆಯದು ಗುಣವಾಚಕಗಳದು: ಅಚ್ಚುಕಟ್ಟಾದ, ಸೊಗಸಾದ, ನುರಿತ, ಪಳಗಿದ, ಅಪೂರ್ವ, ಅಪ್ರತಿಮ, ಅನುಕರಣೀಯ, ಶ್ಲಾಘನೀಯ. ನಾಲ್ಕನೆಯದನ್ನು ಸಾಮಾನ್ಯವಾಗಿ ಯಾರೂ ಕಲಿಸುವುದಿಲ್ಲ. ಮುಖಸ್ತುತಿ, ಹೊಗಳುಭಟ, ಬಡಾಯಿ, ಆತ್ಮಪ್ರಶಂಸೆ ಮುಂತಾದ, ಮೆಚ್ಚುಗೆ ಹಾದಿ ತಪ್ಪಿದಾಗ ಬಳಸುವ ಪದಗಳು ಅಲ್ಲಿರಬೇಕು.

ಪ್ರತಿಯೊಂದು ಪದಕ್ಕೂ ಒಂದು ರಟ್ಟಿನ ಕಾರ್ಡು ಮಾಡಿಸಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯಿಂದಾಗಿ ನಮ್ಮ ಸರ್ಕಾರಿ ಶಾಲೆಗಳ ಮಕ್ಕಳಿಗೆ ಕಾರ್ಡು ಹಿಡಿದು ಕಲಿಯುವುದು ಒಂದನೆಯ ತರಗತಿಯಿಂದಲೇ ರೂಢಿಯಾಗಿರುತ್ತದೆ. ಕಾರ್ಡಿನ ಮುಂಭಾಗದಲ್ಲಿ ಪದ ಮಾತ್ರ ಇರಲಿ. ಹಿಂಭಾಗವನ್ನು ಖಾಲಿ ಬಿಡಿ. ಅರ್ಥವನ್ನು ನೀವು ಬರೆದುಕೊಡಬೇಡಿ. ತಿಂಗಳು ಮುಗಿಯುವಷ್ಟರಲ್ಲಿ ಆ ಬೆನ್ನನ್ನು ಮಕ್ಕಳೇ ತಮ್ಮ ವಾಕ್ಯಗಳಿಂದ ತುಂಬಬೇಕು.

ಹಂತ 1: ಒಳಗಿನ ಮೆಚ್ಚುಗೆ, ಹೊರಗಿನ ಹೊಗಳಿಕೆ

ಮೊದಲ ಅವಧಿಯಲ್ಲಿ ಎರಡೇ ಪದ: ಮೆಚ್ಚು ಮತ್ತು ಹೊಗಳು. ಮೆಚ್ಚುವುದು ಮನಸ್ಸಿನ ಕೆಲಸ, ಹೊಗಳುವುದು ಬಾಯಿಯ ಕೆಲಸ. ಈ ವ್ಯತ್ಯಾಸವನ್ನು ವ್ಯಾಖ್ಯಾನ ಮಾಡಿ ಹೇಳುವ ಬದಲು ಮೂರು ಪ್ರಶ್ನೆ ಕೇಳಿ. ಒಬ್ಬರನ್ನು ಮೆಚ್ಚಿಯೂ ಹೊಗಳದೆ ಇರಬಹುದೇ? ಮೆಚ್ಚದೆಯೂ ಹೊಗಳಬಹುದೇ? ಹಾಗೆ ಹೊಗಳಿದರೆ ಅದನ್ನು ಏನೆಂದು ಕರೆಯುತ್ತಾರೆ? ಮೊದಲನೆಯ ಪ್ರಶ್ನೆಗೆ ಹಳ್ಳಿಯ ಮಕ್ಕಳು ತಕ್ಷಣ ತಮ್ಮ ಅಪ್ಪಂದಿರನ್ನೋ ತಾತಂದಿರನ್ನೋ ನೆನೆಯುತ್ತಾರೆ. ಮಗ ಓಟದಲ್ಲಿ ಗೆದ್ದುಬಂದರೂ ‘ಹ್ಞೂಂ, ಊಟ ಮಾಡು’ ಎಂದಷ್ಟೇ ಹೇಳಿ, ಅವನಿಲ್ಲದಾಗ ಊರೆಲ್ಲ ಹೇಳಿಕೊಂಡು ಬರುವ ಹಿರಿಯರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಮೂರನೆಯ ಪ್ರಶ್ನೆಗೆ ಉತ್ತರವಾಗಿ ‘ಮುಖಸ್ತುತಿ’ ಎಂಬ ಪದ ಬರುತ್ತದೆ. ಬಾರದಿದ್ದರೆ ಆಗ ನೀವು ಕೊಡಿ. ಅವಶ್ಯಕತೆ ಹುಟ್ಟಿದ ಮೇಲೆ ಕೊಟ್ಟ ಪದ ಮರೆಯುವುದಿಲ್ಲ.

‘ಮೆಚ್ಚು’ ಎಷ್ಟು ಹಳೆಯ ಪದ ಎಂಬುದನ್ನು ಕಾಣಿಸಲು ಮಂಡ್ಯ ಜಿಲ್ಲೆಯ ಶಿಕ್ಷಕರಿಗೆ ದೂರ ಹೋಗಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 949-50ರ ಶಾಸನ ಇದಕ್ಕೆ ಹೇಳಿ ಮಾಡಿಸಿದಂತಿದೆ. ತಕ್ಕೋಲದ ಯುದ್ಧದ ಕಾಲದಲ್ಲಿ ಗಂಗರ ಇಮ್ಮಡಿ ಬೂತುಗನ ಪಾಳೆಯದಲ್ಲಿದ್ದ ಮಣಲೆರನೆಂಬ ವೀರನ ಸಾಹಸಕ್ಕೆ ಒಡೆಯನು ಮೆಚ್ಚಿ ‘ಬೇಕಾದ್ದನ್ನು ಬೇಡಿಕೋ’ ಎಂದಾಗ, ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈ ಕಥೆಯಲ್ಲಿ ಎರಡು ಮೆಚ್ಚುಗೆಗಳಿವೆ: ಒಡೆಯನಿಗೆ ಆಳಿನ ಮೇಲೆ, ಆಳಿಗೆ ನಾಯಿಯ ಮೇಲೆ. ಎರಡನೆಯದನ್ನು ಮಣಲೆರ ಹೇಗೆ ತೋರಿಸಿದ ಎಂದು ಕೇಳಿದರೆ ‘ಕಲ್ಲು ನೆಡಿಸಿ’ ಎನ್ನುತ್ತಾರೆ. ಮೆಚ್ಚುಗೆಯನ್ನು ವ್ಯಕ್ತಪಡಿಸಲು ಮಾತೊಂದೇ ದಾರಿಯಲ್ಲ ಎಂಬುದು ಅಲ್ಲಿಗೆ ತಾನಾಗಿ ತಿಳಿಯುತ್ತದೆ.

ಹಂತ 2: ಯಾರಿಂದ ಯಾರಿಗೆ

ಮೆಚ್ಚುಗೆಯ ಮಾತಿಗೆ ದಿಕ್ಕಿದೆ. ‘ಶಹಬ್ಬಾಸ್’, ‘ಭೇಷ್’, ‘ಬೆನ್ನು ತಟ್ಟು’ ಇವು ಹಿರಿಯರಿಂದ ಕಿರಿಯರಿಗೆ, ಗುರುವಿನಿಂದ ಶಿಷ್ಯರಿಗೆ, ಹೆಚ್ಚೆಂದರೆ ಸಮಾನರ ನಡುವೆ ಸಲ್ಲುತ್ತವೆ. ‘ಸ್ತುತಿಸು’ ದೇವರಿಗೋ ದೇವರಂಥವರಿಗೋ ಮೇಲ್ಮುಖವಾಗಿ ಹೋಗುತ್ತದೆ. ‘ಗೌರವಿಸು’ ಕೂಡ ಬಹುಮಟ್ಟಿಗೆ ಮೇಲ್ಮುಖವೇ. ಆದರೆ ಊರಿನವರು ಚಿಕ್ಕ ಹುಡುಗಿಯೊಬ್ಬಳನ್ನು ಶಾಲು ಹೊದಿಸಿ ಗೌರವಿಸಬಹುದು. ‘ಮೆಚ್ಚು’ ಮಾತ್ರ ಎಲ್ಲ ದಿಕ್ಕಿಗೂ ಸಲೀಸಾಗಿ ಹರಿಯುತ್ತದೆ.

ಇದನ್ನು ಕಲಿಸಲು ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಮೆಟ್ಟಿಲು ಬರೆಯಿರಿ. ಒಬ್ಬ ವಿದ್ಯಾರ್ಥಿ ಅಜ್ಜಿಯಾಗಿ ಮೇಲಿನ ಮೆಟ್ಟಿಲಲ್ಲಿ, ಇನ್ನೊಬ್ಬ ತಾನಾಗಿಯೇ ನಡುವಿನಲ್ಲಿ, ಮತ್ತೊಬ್ಬ ತಂಗಿಯಾಗಿ ಕೆಳಗಿನದರಲ್ಲಿ ನಿಲ್ಲಲಿ. ಕಾರ್ಡನ್ನು ಎತ್ತಿ ತೋರಿಸಿದ ಕೂಡಲೇ, ಆ ಪದವನ್ನು ಯಾರು ಯಾರಿಗೆ ಬಳಸಬಹುದೋ ಅವರು ವಾಕ್ಯ ಮಾಡಿ ಹೇಳಬೇಕು. ತಂಗಿ ಎದ್ದು ಅಜ್ಜಿಗೆ ‘ಶಹಬ್ಬಾಸ್’ ಎಂದಾಗ ಇಡೀ ತರಗತಿ ನಗುತ್ತದೆ, ಆ ನಗುವೇ ನಿಮ್ಮ ವ್ಯಾಕರಣ ಪಾಠ. ಏಕೆ ನಕ್ಕಿರಿ ಎಂದು ಕೇಳಿ, ಕಾರಣವನ್ನು ಅವರ ಬಾಯಿಂದಲೇ ಹೇಳಿಸಿ.

ದಿಕ್ಕಿನ ಜೊತೆಗೆ ವಸ್ತುವಿನ ಪ್ರಶ್ನೆಯೂ ಇದೆ. ‘ಅಭಿನಂದಿಸು’ ಎಂಬುದು ಒಬ್ಬ ವ್ಯಕ್ತಿ ಏನನ್ನಾದರೂ ಸಾಧಿಸಿದಾಗ ಮಾತ್ರ ಸಲ್ಲುತ್ತದೆ. ‘ಶ್ಲಾಘಿಸು’ ವ್ಯಕ್ತಿಗಿಂತ ಹೆಚ್ಚಾಗಿ ಆತನ ಕಾರ್ಯಕ್ಕೆ ಹೊಂದುತ್ತದೆ. ಕೃಷ್ಣರಾಜಸಾಗರದ ಕಟ್ಟೆಯನ್ನು ಕಂಡು ಬೆರಗಾಗಬಹುದು, ಅದನ್ನು ಕಟ್ಟಿದವರ ದೂರದೃಷ್ಟಿಯನ್ನು ಶ್ಲಾಘಿಸಬಹುದು, ವಿಶ್ವೇಶ್ವರಯ್ಯನವರನ್ನು ಕೊಂಡಾಡಬಹುದು, ಕಟ್ಟೆಯನ್ನು ಅಭಿನಂದಿಸಲಾಗದು. ಮೈಸೂರು ಪಾಕನ್ನು ಮೆಚ್ಚಬಹುದು, ಹೊಗಳಲೂಬಹುದು, ಗೌರವಿಸಲಾಗದು. ಇಂಥ ಹತ್ತು ವಸ್ತುಗಳನ್ನು ಮಕ್ಕಳಿಂದಲೇ ಹೇಳಿಸಿ, ಯಾವ ಕ್ರಿಯಾಪದ ಯಾವುದಕ್ಕೆ ಒಗ್ಗುತ್ತದೆ ಎಂದು ವಾದ ಮಾಡಲು ಬಿಡಿ. ಕೆಲವು ವಿಷಯಗಳಲ್ಲಿ ತರಗತಿ ಎರಡಾಗಿ ಒಡೆಯುತ್ತದೆ. ಪ್ರತಿ ವಾದಕ್ಕೂ ನೀವು ತೀರ್ಪು ಕೊಡಬೇಕೆಂದೇನೂ ಇಲ್ಲ.

ಹಂತ 3: ವಿಭಕ್ತಿಯೊಡನೆ ಪದ

ಈ ಹಂತಕ್ಕೆ ಎರಡು ಪೂರ್ಣ ಅವಧಿ ಮೀಸಲಿಡಿ. ಮಕ್ಕಳು ಪದದ ಅರ್ಥವನ್ನು ಸರಿಯಾಗಿ ತಿಳಿದೂ ವಾಕ್ಯದಲ್ಲಿ ಎಡವುವುದು ಇಲ್ಲಿಯೇ. ಕನ್ನಡದಲ್ಲಿ ಕ್ರಿಯಾಪದವೇ ತನ್ನ ಹಿಂದಿನ ನಾಮಪದಕ್ಕೆ ಯಾವ ವಿಭಕ್ತಿ ಬೇಕೆಂದು ನಿರ್ಧರಿಸುತ್ತದೆ, ಮೆಚ್ಚುಗೆಯ ಪದಗಳಲ್ಲಂತೂ ಈ ನಿರ್ಧಾರ ಪದದಿಂದ ಪದಕ್ಕೆ ಬದಲಾಗುತ್ತದೆ.

ಹೊಗಳು, ಮೆಚ್ಚು, ಕೊಂಡಾಡು, ಶ್ಲಾಘಿಸು, ಅಭಿನಂದಿಸು ಇವೆಲ್ಲ ‘ಅನ್ನು’ ಪ್ರತ್ಯಯವನ್ನು ಬಯಸುತ್ತವೆ: ‘ಅವಳ ಓಟವನ್ನು ಮೆಚ್ಚಿದರು’, ‘ಗೆದ್ದವರನ್ನು ಅಭಿನಂದಿಸಿದರು’. ತಲೆದೂಗು, ಮಾರುಹೋಗು, ಮನಸೋಲು, ಬೆರಗಾಗು ಇವುಗಳಿಗೆ ‘ಗೆ’ ಅಥವಾ ‘ಕ್ಕೆ’ ಬೇಕು: ‘ವೀಣೆಯ ನಾದಕ್ಕೆ ಸಭಿಕರು ತಲೆದೂಗಿದರು’, ‘ಹುಡುಗನ ಜಾಣ್ಮೆಗೆ ಬೆರಗಾದರು’. ಬೆನ್ನು ತಟ್ಟುವಾಗ, ಗುಣಗಾನ ಮಾಡುವಾಗ ಷಷ್ಠೀ ವಿಭಕ್ತಿ: ‘ಅವಳ ಬೆನ್ನು ತಟ್ಟಿದರು’, ‘ಗುರುಗಳ ಗುಣಗಾನ ಮಾಡಿದರು’. ‘ಸೈ ಎನಿಸಿಕೊಳ್ಳು’ ಎನ್ನುವಾಗ ‘ಇಂದ’: ‘ಎಲ್ಲರಿಂದ ಸೈ ಎನಿಸಿಕೊಂಡಳು’.

ಕ್ರಿಯಾಪದ ನಾಮಪದವಾದ ಕೂಡಲೇ ವಿಭಕ್ತಿಯೂ ಬದಲಾಗುತ್ತದೆ ಎಂಬುದು ಮಕ್ಕಳಿಗೆ ಹೊಸತು. ‘ಗೆದ್ದವರನ್ನು ಅಭಿನಂದಿಸಿದರು’ ಎಂಬುದು ‘ಗೆದ್ದವರಿಗೆ ಅಭಿನಂದನೆ ಸಲ್ಲಿಸಿದರು’ ಎಂದಾಗುತ್ತದೆ. ‘ನಾಟಕವನ್ನು ಮೆಚ್ಚಿದರು’ ಎಂಬುದು ‘ನಾಟಕದ ಬಗ್ಗೆ ಮೆಚ್ಚುಗೆ ವ್ಯಕ್ತಪಡಿಸಿದರು’ ಎಂದಾಗುತ್ತದೆ. ಮೆಚ್ಚುಗೆ ಪಡೆದವರ ಕಡೆಯಿಂದ ಹೇಳಬೇಕಾದರೆ ‘ಪಾತ್ರರಾಗು’ ಎಂಬ ರೂಪ ಕಲಿಸಿ: ‘ನಾಟಕ ಪ್ರೇಕ್ಷಕರ ಪ್ರಶಂಸೆಗೆ ಪಾತ್ರವಾಯಿತು’. ಪತ್ರಿಕೆಗಳಲ್ಲಿ ದಿನವೂ ಕಾಣುವ ಈ ವಾಕ್ಯರಚನೆ ಮಕ್ಕಳ ಬರವಣಿಗೆಯಲ್ಲಿ ಕಾಣಿಸದಿರುವುದಕ್ಕೆ ನಾವು ಅದನ್ನು ಬಿಡಿಸಿ ತೋರಿಸದಿರುವುದೇ ಕಾರಣ.

ಅಭ್ಯಾಸಕ್ಕೆ ಒಂದೇ ಘಟನೆಯನ್ನು ಕೊಟ್ಟು ಐದು ಕ್ರಿಯಾಪದಗಳಲ್ಲಿ ಹೇಳಿಸಿ. ಘಟನೆ ಸರಳವಾಗಿರಲಿ: ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆಯಲ್ಲಿ ಗೆದ್ದಳು. ಮಕ್ಕಳಿಂದ ಇಂಥ ವಾಕ್ಯಗಳು ಬರಬೇಕು: ‘ತೀರ್ಪುಗಾರರು ಅವಳ ವಾದವೈಖರಿಯನ್ನು ಮೆಚ್ಚಿದರು. ಸಭಿಕರು ಅವಳ ಮಾತಿಗೆ ತಲೆದೂಗಿದರು. ಗುರುಗಳು ಅವಳ ಬೆನ್ನು ತಟ್ಟಿದರು. ಮುಖ್ಯೋಪಾಧ್ಯಾಯರು ಅವಳನ್ನು ಪ್ರಾರ್ಥನಾ ಸಭೆಯಲ್ಲಿ ಅಭಿನಂದಿಸಿದರು. ಅವಳು ಊರವರಿಂದ ಸೈ ಎನಿಸಿಕೊಂಡಳು.’ ವಿಭಕ್ತಿಯ ಜೊತೆಗೆ ಕರ್ತೃವೂ ಪ್ರತಿ ವಾಕ್ಯದಲ್ಲಿ ತಕ್ಕಂತೆ ಬದಲಾಗಿರುವುದನ್ನು ಗಮನಿಸಿ. ಎರಡನೆಯ ಹಂತದ ಪಾಠ ಇಲ್ಲಿ ಮತ್ತೆ ಕೆಲಸಕ್ಕೆ ಬಂದಿದೆ.

ಇದೇ ಹಂತದಲ್ಲಿ ‘ಕೊಳ್ಳು’ ಸೇರಿದಾಗ ಏನಾಗುತ್ತದೆ ಎಂಬುದನ್ನೂ ಹೇಳಿಬಿಡಿ. ‘ಹೊಗಳಿದ’ ಎಂದರೆ ಬೇರೆಯವರನ್ನು, ‘ಹೊಗಳಿಕೊಂಡ’ ಎಂದರೆ ತನ್ನನ್ನೇ, ‘ಹೊಗಳಿಸಿಕೊಂಡ’ ಎಂದರೆ ಇನ್ನೊಬ್ಬರ ಬಾಯಿಂದ ತನ್ನನ್ನು. ಈ ಮೂರನ್ನು ಒಟ್ಟಿಗೆ ಹೇಳಿದರೆ ಮಕ್ಕಳ ಮುಖದಲ್ಲಿ ಮಂದಹಾಸ ಮೂಡುತ್ತದೆ, ಏಕೆಂದರೆ ಮೂರೂ ಬಗೆಯವರು ಅವರ ತರಗತಿಯಲ್ಲೇ ಇರುತ್ತಾರೆ. ಆದರೆ ‘ಮೆಚ್ಚಿಕೊಂಡ’ ಎಂಬುದು ಈ ಜಾಡಿನಲ್ಲಿ ಹೋಗುವುದಿಲ್ಲ. ಹೆಣ್ಣು ನೋಡಲು ಬಂದವರು ಮೆಚ್ಚಿಕೊಂಡರು ಎಂದರೆ ತಮ್ಮನ್ನು ತಾವು ಮೆಚ್ಚಿದರು ಎಂದಲ್ಲ. ಈ ಅಪವಾದವನ್ನು ಮರೆಯದೆ ಹೇಳಬೇಕು, ಇಲ್ಲವಾದರೆ ಜಾಣ ವಿದ್ಯಾರ್ಥಿಯೊಬ್ಬ ನಿಮ್ಮ ನಿಯಮವನ್ನು ನಿಮ್ಮ ಎದುರಿಗೇ ಮುರಿದು ತೋರಿಸುತ್ತಾನೆ.

ಹಂತ 4: ಮನೆಯ ಮಾತಿನಿಂದ ಪುಸ್ತಕದ ಮಾತಿಗೆ

ಮಕ್ಕಳು ಬರಿಗೈಯಲ್ಲಿ ತರಗತಿಗೆ ಬಂದಿರುವುದಿಲ್ಲ. ‘ಬೋ ಪಸಂದಾಗದೆ’, ‘ಸಖತ್ತಾಗಿದೆ’, ‘ಶ್ಯಾನೆ ಚೆಂದಾಗೈತೆ’, ‘ಬೊಂಬಾಟ್’, ‘ಸೂಪರ್’ ಇವೆಲ್ಲ ಅವರ ನಾಲಗೆಯ ಮೇಲಿವೆ. ಇವನ್ನು ಅಶುದ್ಧವೆಂದು ಅಳಿಸಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಗ್ರಾಂಥಿಕವೆಂದು ನಾವು ತಿಳಿದಿರುವ ಬರಹದಲ್ಲೂ ನುಸುಳಿ ಕುಳಿತಿರುವ ‘ಶಹಬ್ಬಾಸ್’ ಮತ್ತು ಹಳ್ಳಿಯ ‘ಪಸಂದ್’ ಎರಡೂ ಪಾರಸಿಯಿಂದಲೇ ಬಂದವು. ಗೋಡೆಯ ಮೇಲೆ ಎರಡು ಸಾಲಿನ ಪಟವೊಂದನ್ನು ತೂಗುಹಾಕಿ: ಎಡಕ್ಕೆ ಮನೆಯಲ್ಲಿ ಹೇಳುವ ಮಾತು, ಬಲಕ್ಕೆ ಅದೇ ಭಾವವನ್ನು ಪತ್ರದಲ್ಲೋ ಪ್ರಬಂಧದಲ್ಲೋ ಬರೆಯುವ ಬಗೆ. ಮಕ್ಕಳು ಮನೆಯವರನ್ನು ಕೇಳಿ ಎಡಗಡೆಯನ್ನು ತುಂಬಿಕೊಂಡು ಬರಲಿ.

ಹೀಗೆ ಕೇಳಿಕೊಂಡು ಬಂದಾಗ ಎರಡು ಸ್ವಾರಸ್ಯಗಳು ಎದುರಾಗುತ್ತವೆ. ಒಂದು, ಹಿರಿಯರ ‘ಪರವಾಗಿಲ್ಲ’. ಮಂಡ್ಯದ ರೈತನೊಬ್ಬ ಮಗನ ಉಳುಮೆಯನ್ನು ನೋಡಿ ‘ಪರ್ವಾಗಿಲ್ಲ ಕಣ್ಲಾ’ ಎಂದರೆ ಅದು ದೊಡ್ಡ ಶಿಫಾರಸು. ಅದೇ ಮಾತನ್ನು ಮೈಸೂರಿನ ಅಂಗಡಿಯಲ್ಲಿ ಸೀರೆ ನೋಡುತ್ತಿರುವವರು ಹೇಳಿದರೆ ಸೀರೆ ಕಪಾಟಿಗೆ ಹಿಂತಿರುಗುತ್ತದೆ. ಇನ್ನೊಂದು, ಕಿಲಾಡಿ, ಐನಾತಿ, ಘಾಟಿ ಮುಂತಾದ ಅರೆಮೆಚ್ಚುಗೆಯ ಪದಗಳು. ಇವುಗಳಲ್ಲಿ ಬೆರಗೂ ಇದೆ, ಎಚ್ಚರಿಕೆಯೂ ಇದೆ. ಇವನ್ನು ಯಾರ ಬಗ್ಗೆ, ಯಾವ ದನಿಯಲ್ಲಿ ಹೇಳುತ್ತಾರೆ ಎಂದು ಮಕ್ಕಳಿಂದ ಅಭಿನಯಿಸಿ ತೋರಿಸಲು ಹೇಳಿ. ಬರವಣಿಗೆಯಲ್ಲಿ ದನಿ ಕೇಳಿಸದ ಕಾರಣ ಇವುಗಳನ್ನು ಹೆಚ್ಚು ಎಚ್ಚರದಿಂದ ಬಳಸಬೇಕೆಂಬುದನ್ನು ಅಷ್ಟರಿಂದಲೇ ತಿಳಿದುಕೊಳ್ಳುತ್ತಾರೆ.

ಉಚ್ಚಾರಣೆ ಮತ್ತು ಕಾಗುಣಿತದ ಮಾತನ್ನು ಇಲ್ಲಿಯೇ ಮುಗಿಸಬಹುದು. ನಮ್ಮ ಸೀಮೆಯ ಆಡುಮಾತಿನಲ್ಲಿ ಪದದ ಮೊದಲ ‘ಹ’ ಬಿದ್ದುಹೋಗುವುದು ಸಹಜವಾದ್ದರಿಂದ ‘ಹೊಗಳು’ ಎಂಬುದು ‘ಒಗಳು’ ಎಂದಾಗಿ ಬರಹಕ್ಕೂ ಇಳಿಯುತ್ತದೆ. ತಿದ್ದುವ ಆತುರದಲ್ಲಿ ಕೆಲವು ಮಕ್ಕಳು ‘ಹ’ ಇಲ್ಲದ ಕಡೆಯೂ ಅದನ್ನು ತಂದು ಕೂರಿಸುತ್ತಾರೆ. ‘ಹಾರ್ದಿಕ ಅಭಿನಂದನೆ’ ಎಂಬುದು ‘ಆರ್ಥಿಕ ಅಭಿನಂದನೆ’ಯಾದಾಗ ಹುಟ್ಟುವ ತಮಾಷೆಯನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು. ಮಹಾಪ್ರಾಣ ಮತ್ತು ಊಷ್ಮಾಕ್ಷರಗಳಲ್ಲಿ ಗಮನಿಸಬೇಕಾದವು ಮೂರು: ‘ಪ್ರಶಂಸೆ’ಯಲ್ಲಿ ಮೊದಲು ಶ, ಆಮೇಲೆ ಸ, ‘ಶ್ಲಾಘನೆ’ಯಲ್ಲಿ ಘ, ‘ಅಭಿನಂದನೆ’ಯಲ್ಲಿ ದ ಅಲ್ಪಪ್ರಾಣ. ಆಡುವಾಗ ತಪ್ಪಿದ್ದಕ್ಕೆ ಎಲ್ಲರೆದುರು ತಿದ್ದಬೇಡಿ, ಬರೆದಾಗ ತಿದ್ದಿ.

ಹಂತ 5: ಕಾರಣವಿಲ್ಲದ ಹೊಗಳಿಕೆಗೆ ಅಂಕವಿಲ್ಲ

ಪದ ಬಂತು, ವಿಭಕ್ತಿ ಬಂತು. ಇನ್ನು ಮೆಚ್ಚುಗೆಗೆ ಹುರುಳು ಬರಬೇಕು. ಈ ಹಂತದಿಂದ ಮುಂದೆ ತರಗತಿಯಲ್ಲಿ ಒಂದು ನಿಯಮ ಜಾರಿಯಲ್ಲಿರಲಿ: ಮೆಚ್ಚುಗೆಯ ವಾಕ್ಯದಲ್ಲಿ ಕಣ್ಣಾರೆ ಕಂಡ ಒಂದು ವಿವರವಾದರೂ ಇರಲೇಬೇಕು.

ಶಾಲೆಯ ಬಿಸಿಯೂಟವನ್ನೇ ತೆಗೆದುಕೊಳ್ಳೋಣ. ಮಗು ಮೊದಲು ಬರೆಯುವುದು ಹೀಗೆ: ‘ನಮ್ಮ ಶಾಲೆಯ ಊಟ ತುಂಬಾ ಸೂಪರ್. ಅಡುಗೆಯವರು ತುಂಬಾ ಒಳ್ಳೆಯವರು.’ ಇದನ್ನು ಹೊಡೆದುಹಾಕದೆ ಪ್ರಶ್ನೆ ಕೇಳುತ್ತ ಹೋಗಿ. ಒಳ್ಳೆಯವರು ಎಂದು ನಿನಗೆ ಹೇಗೆ ಗೊತ್ತಾಯಿತು? ಅವರು ಏನು ಮಾಡಿದ್ದನ್ನು ನೀನು ನೋಡಿದ್ದೀಯೆ? ನಾಳೆ ಅರ್ಧ ಗಂಟೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿಕೊಂಡು ಬಾ. ನೋಡಿಕೊಂಡು ಬಂದ ಮೇಲೆ ಬರೆಯುವ ವಾಕ್ಯ ಬೇರೆಯೇ ಆಗಿರುತ್ತದೆ: ‘ಬೇಳೆಯನ್ನು ಮೂರು ನೀರಿನಲ್ಲಿ ತೊಳೆದು, ಕೊನೆಯ ಸಾಲಿನ ಮಗುವಿಗೂ ಸಾರು ಆರದಂತೆ ಪಾತ್ರೆಯ ಮೇಲೆ ತಟ್ಟೆ ಮುಚ್ಚಿಕೊಂಡೇ ಬಡಿಸುವ ಅಡುಗೆಯಮ್ಮನ ಅಚ್ಚುಕಟ್ಟುತನವನ್ನು ನಾನು ಮೆಚ್ಚಿದ್ದೇನೆ.’ ಇದರಲ್ಲಿ ‘ತುಂಬಾ’ ಎಂಬ ಪದವಿಲ್ಲ, ಇಲ್ಲದಿದ್ದುದರಿಂದ ಕಳೆದುಕೊಂಡದ್ದೂ ಏನಿಲ್ಲ. ಹಾಗೆ ನೋಡಿದರೆ ಈ ಒಂದು ತಿಂಗಳು ‘ತುಂಬಾ’ ಮತ್ತು ‘ಬಹಳ’ ಎರಡನ್ನೂ ಮೆಚ್ಚುಗೆಯ ವಾಕ್ಯಗಳಿಂದ ದೂರವಿಡುವುದೇ ಲೇಸು. ಆ ಊರುಗೋಲನ್ನು ಕಿತ್ತುಕೊಂಡಾಗಲೇ ಮಕ್ಕಳು ಬೇರೆ ಪದಕ್ಕಾಗಿ ತಡಕಾಡುತ್ತಾರೆ.

ಗುಣವಾಚಕಗಳಿಗೂ ಇದೇ ಕ್ರಮ. ‘ನುರಿತ’ ಮತ್ತು ‘ಪಳಗಿದ’ ಎಂಬ ಪದಗಳನ್ನು ಕಲಿಸಲು ಮಂಡ್ಯದ ಸುತ್ತಮುತ್ತಲಿನ ಆಲೆಮನೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಗುಳ್ಳೆಗಳನ್ನು ನೋಡಿ, ಒಂದಿಷ್ಟು ಪಾಕವನ್ನು ನೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆಕಟ್ಟಿ, ಇಳಿಸುವ ಹದ ಬಂತೇ ಎಂದು ಹೇಳುವ ಕೈಗೆ ‘ಪಳಗಿದ ಕೈ’ ಎಂದು ಹೆಸರು. ಆತ ‘ಬೆಲ್ಲ ಕಾಯಿಸುವುದರಲ್ಲಿ ಎತ್ತಿದ ಕೈ’. ಇನ್ನು ‘ಅಪ್ರತಿಮ’ ಎಂಬ ಪದವನ್ನು ಯಾರಿಗೆ ಕೊಡಬೇಕು? ಸಾಟಿ ಇಲ್ಲದವರಿಗೆ ಮಾತ್ರ. ತರಗತಿಯ ಎಲ್ಲ 40 ಮಕ್ಕಳೂ ‘ಅಪ್ರತಿಮ’ರಾದರೆ ಆ ಪದಕ್ಕೆ ಬೆಲೆಯೇ ಉಳಿಯುವುದಿಲ್ಲ ಎಂಬುದನ್ನು ಮಕ್ಕಳು ಬೇಗ ಒಪ್ಪುತ್ತಾರೆ.

ಮೈಸೂರಿನ ಮಕ್ಕಳಿಗೆ ದಸರಾ ಆನೆಗಳಿವೆ. ಸುಮಾರು 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ ಜನಸಾಗರದ ನಡುವೆ ಹೆಜ್ಜೆ ಹಾಕುವ ಆನೆಗೆ ಯಾವ ಗುಣವಾಚಕ ಸಲ್ಲುತ್ತದೆ? 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನನಿಗೂ 2020ರಲ್ಲಿ ಅವನಿಂದ ಆ ಹೊಣೆ ವಹಿಸಿಕೊಂಡ ಅಭಿಮನ್ಯುವಿಗೂ ಒಂದೇ ಪದ ಸಲ್ಲುತ್ತದೆಯೇ? ಬಲಿಷ್ಠ, ಗಂಭೀರ, ಸೌಮ್ಯ, ಸಂಯಮಿ, ಧೀರ ಈ ಪದಗಳ ನಡುವೆ ಆರಿಸಿ, ಆರಿಸಿದ್ದಕ್ಕೆ ಕಾರಣ ಕೊಡಲಿ. ಆನೆಯ ಬಲವನ್ನು ಹೊಗಳುವವರು ಹಲವರು. ಪಟಾಕಿ, ವಾದ್ಯ, ಕೂಗಾಟಗಳ ನಡುವೆ ಅದು ವಿಚಲಿತವಾಗದಿರುವುದನ್ನು ಗಮನಿಸಿದ ಮಗುವಿನ ಪುಸ್ತಕದಲ್ಲಿ ನಿಮ್ಮ ‘ಭೇಷ್’ ಬೀಳಲಿ.

ಹಂತ 6: ಬಿರುದನ್ನು ಬಿಡಿಸುವುದು

ಬಿರುದೆಂದರೆ ಒಂದೆರಡು ಪದಗಳಲ್ಲಿ ಹೆಪ್ಪುಗಟ್ಟಿದ ಹೊಗಳಿಕೆ. ಇದನ್ನು ಬಿಡಿಸಿ ಪೂರ್ಣ ವಾಕ್ಯವಾಗಿ ಬರೆಯುವುದು ಎಂಟು ಮತ್ತು ಒಂಬತ್ತನೆಯ ತರಗತಿಯವರಿಗೆ ಒಳ್ಳೆಯ ಕಸರತ್ತು. ಮೈಸೂರಿನ ಆಸ್ಥಾನದಲ್ಲಿದ್ದ ವೀಣೆ ಶೇಷಣ್ಣನವರು ‘ವೈಣಿಕ ಶಿಖಾಮಣಿ’. ಪದವನ್ನು ಒಡೆದರೆ ವೀಣೆ ನುಡಿಸುವವರಲ್ಲಿ ಮುಡಿಯ ರತ್ನದಂಥವರು ಎಂದಾಯಿತು. ಬಿ.ಎಂ. ಶ್ರೀಕಂಠಯ್ಯನವರು ‘ಕನ್ನಡದ ಕಣ್ವ’. ಅವರ ಹೆಸರಿನಲ್ಲಿರುವ ‘ಬಿ’ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಎಂದು ಹೇಳಿದರೆ ಮಂಡ್ಯದ ಮಕ್ಕಳು ನೆಟ್ಟಗೆ ಕೂರುತ್ತಾರೆ. ಆದರೆ ಕಣ್ವನೇ ಏಕೆ? ಹೆತ್ತವರು ಬಿಟ್ಟುಹೋದ ಶಕುಂತಲೆಯನ್ನು ಸಾಕಿ ಬೆಳೆಸಿದವನು ಕಣ್ವ. ಇಂಗ್ಲಿಷಿನ ಅಬ್ಬರದ ಕಾಲದಲ್ಲಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡವನ್ನು ಪೊರೆದವರು ಶ್ರೀಕಂಠಯ್ಯನವರು. ಈ ಕಥೆ ತಿಳಿಯದವರಿಗೆ ಆ ಬಿರುದು ಬರೀ ಪ್ರಾಸ.

ಶಿಷ್ಯೆಯನ್ನು ಗುರು ಮೆಚ್ಚಿದ್ದಕ್ಕೆ ಚಿಕ್ಕದೇವರಾಜ ಒಡೆಯರ ಕಾಲದ ಸಂಚಿ ಹೊನ್ನಮ್ಮನ ಉದಾಹರಣೆ ಇದೆ. ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದುಕೊಂಡೇ ವಿದ್ಯೆ ಕಲಿತು ಕಾವ್ಯ ಬರೆದ ಆಕೆ ‘ಸರಸ ಸಾಹಿತ್ಯದ ವರದೇವತೆ’ ಎನಿಸಿಕೊಂಡಳು. ಇದು ಮೇಲಿನಿಂದ ಕೆಳಕ್ಕೆ ಬಂದ ಮೆಚ್ಚುಗೆಯೋ ಕೆಳಗಿನಿಂದ ಮೇಲಕ್ಕೆ ಹೋದದ್ದೋ ಎಂದು ಕೇಳಿ. ಗುರುವೇ ಶಿಷ್ಯೆಯನ್ನು ದೇವತೆ ಎಂದು ಕರೆದಿರುವಾಗ ಎರಡನೆಯ ಹಂತದ ಮೆಟ್ಟಿಲುಗಳು ಅದಲುಬದಲಾಗಿವೆ. ನಿಯಮ ಗೊತ್ತಿದ್ದವರಿಗಷ್ಟೇ ಅದು ಮುರಿದಾಗಿನ ಸೊಗಸು ಕಾಣುವುದು.

ಹಂತ 7: ಅತಿಯಾದಾಗ

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ ಯಾವ ಪೇಟೆಯಲ್ಲಿ ನಿಂತರೂ ತಲೆಯ ಮೇಲೊಂದು ಫ್ಲೆಕ್ಸ್ ಫಲಕ ಇದ್ದೇ ಇರುತ್ತದೆ: ಬಡವರ ಬಂಧು, ಯುವಕರ ಕಣ್ಮಣಿ, ಅಭಿವೃದ್ಧಿಯ ಹರಿಕಾರ, ಕೊಡುಗೈ ದಾನಿ. ಹೆಸರು ಮತ್ತು ಭಾವಚಿತ್ರಗಳನ್ನು ಬಿಟ್ಟು ಈ ವಿಶೇಷಣಗಳನ್ನಷ್ಟೇ ಮಕ್ಕಳು ಬರೆದುಕೊಂಡು ಬರಲಿ. ತರಗತಿಯಲ್ಲಿ ಪ್ರತಿಯೊಂದಕ್ಕೂ ಐದನೆಯ ಹಂತದ ನಿಯಮವನ್ನು ಹಚ್ಚಿ: ಕಣ್ಣಾರೆ ಕಂಡ ವಿವರ ಯಾವುದು? ಹೆಚ್ಚಿನವು ಅಲ್ಲಿಗೇ ನಿಲ್ಲುತ್ತವೆ. ಈ ಚಟುವಟಿಕೆ ರಾಜಕೀಯದ ಕಡೆ ಜಾರದಂತೆ ನೋಡಿಕೊಳ್ಳುವುದು ಶಿಕ್ಷಕರ ಹೊಣೆ. ಹೆಸರುಗಳನ್ನು ಬಿಡಬೇಕೆಂದದ್ದು ಅದಕ್ಕೇ.

ಆಗ ‘ಹೊಗಳಿ ಅಟ್ಟಕ್ಕೇರಿಸು’, ‘ಮುಖಸ್ತುತಿ’, ‘ಹೊಗಳುಭಟ’ ಎಂಬ ಕಾರ್ಡುಗಳನ್ನು ತೆಗೆಯಿರಿ. ಅರಮನೆಯ ಖಾಸಗಿ ದರ್ಬಾರಿನಲ್ಲಿ ‘ಬಹುಪರಾಕ್’ ಕೂಗುವ ಹೊಗಳುಭಟನದು ಗೌರವದ ಊಳಿಗ. ಅದೇ ‘ಹೊಗಳುಭಟ’ ಎಂಬ ಪದವನ್ನು ಇಂದು ಬೀದಿಯಲ್ಲಿ ಬಳಸಿದರೆ ಬೈಗುಳ. ಹೊಗಳಿಸಿಕೊಂಡವರ ಪಾಡನ್ನು ಹೇಳಲು ಬಸವಣ್ಣನವರ ವಚನದ ‘ಹೊನ್ನಶೂಲ’ ಎಂಬ ಒಂದು ಪದ ಸಾಕು. ಚಿನ್ನದ್ದಾದರೂ ಶೂಲ ಶೂಲವೇ ತಾನೇ ಎಂದು ಯಾರಾದರೂ ಹೇಳುವವರೆಗೆ ಕಾಯಿರಿ. ‘ಹೆತ್ತವರಿಗೆ ಹೆಗ್ಗಣ ಮುದ್ದು’, ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಗಳನ್ನು ಜೋಡಿಯಾಗಿ ಕೊಟ್ಟು, ಅತಿ ಹೊಗಳಿಕೆ ಯಾವುದರಲ್ಲಿದೆ, ಸಲ್ಲಬೇಕಾದ ಮೆಚ್ಚುಗೆ ಸಲ್ಲದಿರುವುದು ಯಾವುದರಲ್ಲಿದೆ ಎಂದು ಕೇಳುವುದೂ ಒಳ್ಳೆಯ ಅಭ್ಯಾಸವೇ.

ಹಂತ 8: ಬಿನ್ನವತ್ತಳೆ ಬರೆಯಿಸುವುದು

ಸನ್ಮಾನ ಸಮಾರಂಭಗಳಲ್ಲಿ ಓದಿ, ಚೌಕಟ್ಟು ಹಾಕಿಸಿ ಕೊಡುವ ಬಿನ್ನವತ್ತಳೆಯೇ ಈ ಘಟಕದ ಕೊನೆಯ ಬರವಣಿಗೆಯಾಗಲಿ. ದೊಡ್ಡವರ ಹೆಸರು ಬೇಡ. ಬಿಸಿಯೂಟದ ಅಡುಗೆಯವರು, ಹಳ್ಳಿಯ ಅಂಚೆಯಣ್ಣ, ಶಾಲೆಯ ಆವರಣ ಗುಡಿಸುವವರು ಹೀಗೆ ಮಕ್ಕಳು ದಿನವೂ ಕಾಣುವ ಒಬ್ಬರನ್ನು ಐದು ಜನರ ಗುಂಪು ಆರಿಸಿಕೊಳ್ಳಲಿ. ಸಂಬೋಧನೆ, ಅವರ ಕೆಲಸದ ಎರಡು ನಿರ್ದಿಷ್ಟ ವಿವರ, ಅದರಿಂದ ಇತರರಿಗೆ ಆದ ಉಪಕಾರ, ಹಾರೈಕೆ ಇಷ್ಟಿದ್ದರೆ ಒಂದು ಪುಟವಾಗುತ್ತದೆ. ಕಲಿತ ಪದಗಳಲ್ಲಿ ಆರನ್ನಾದರೂ ಬಳಸಬೇಕು, ಹತ್ತಕ್ಕಿಂತ ಹೆಚ್ಚು ಬಳಸಬಾರದು. ಮೇಲಿನ ಮಿತಿ ಕೆಳಗಿನದಕ್ಕಿಂತ ಮುಖ್ಯ.

ಇಲ್ಲಿ ತಪ್ಪದೆ ಎದುರಾಗುವ ಗೊಂದಲವೊಂದಿದೆ. ಸಭೆಗೆ ಬಂದವರಿಗೆ ಕೃತಜ್ಞತೆ ಹೇಳಬೇಕಾದಲ್ಲಿ ಮಕ್ಕಳು ‘ಬಂದವರೆಲ್ಲರಿಗೂ ಅಭಿನಂದನೆಗಳು’ ಎನ್ನುತ್ತಾರೆ. ಉಪಕಾರಕ್ಕೆ ವಂದನೆ, ಸಾಧನೆಗೆ ಅಭಿನಂದನೆ. ವಂದನಾರ್ಪಣೆ ಮಾಡುವವರು ಈ ಎರಡನ್ನು ಬೆರೆಸಬಾರದು ಎಂದು ಮೊದಲೇ ಹೇಳಿಬಿಟ್ಟರೆ ವೇದಿಕೆಯ ಮೇಲೆ ಮುಜುಗರ ತಪ್ಪುತ್ತದೆ. ಸಾಧ್ಯವಾದರೆ ಬಿನ್ನವತ್ತಳೆಯನ್ನು ಆ ವ್ಯಕ್ತಿಯ ಎದುರಿಗೇ ಪ್ರಾರ್ಥನಾ ಸಭೆಯಲ್ಲಿ ಓದಿಸಿ. ಅವರಿಗೆ ಸಂಕೋಚವಾಗುವುದಾದರೆ ಒತ್ತಾಯ ಬೇಡ, ಹಾಳೆಯನ್ನು ಅವರ ಕೈಗೆ ಕೊಟ್ಟರೆ ಆಯಿತು.

ಮೌಲ್ಯಮಾಪನ ಮತ್ತು ಮರುಕಲಿಕೆ

‘ಸಮಾನಾರ್ಥಕ ಪದ ಬರೆಯಿರಿ’ ಎಂಬ ಪ್ರಶ್ನೆಯನ್ನು ಈ ಘಟಕದ ಮಟ್ಟಿಗೆ ಕೈಬಿಡಿ. ಅದರ ಬದಲು ಒಂದು ಸಂದರ್ಭವನ್ನು ಕೊಟ್ಟು ‘ಈ ಮೂರು ಪದಗಳಲ್ಲಿ ಯಾವುದು ಇಲ್ಲಿ ಸಲ್ಲದು? ಏಕೆ?’ ಎಂದು ಕೇಳಿ. ಪ್ರತಿ ವಾಕ್ಯಕ್ಕೂ ಪದದ ಆಯ್ಕೆಗೆ ಒಂದು, ವಿಭಕ್ತಿಗೆ ಒಂದು, ಕಾರಣದ ವಿವರಕ್ಕೆ ಎರಡು ಅಂಕ ಕೊಟ್ಟರೆ ಯಾವುದಕ್ಕೆ ಬೆಲೆ ಹೆಚ್ಚು ಎಂಬುದು ಮಕ್ಕಳಿಗೂ ತಿಳಿಯುತ್ತದೆ.

ಕಲಿತ ಪದವನ್ನು ಮಾರನೆಯ ದಿನ, ಒಂದು ವಾರದ ಮೇಲೆ, ಮತ್ತೆ ಮೂರು ವಾರದ ಮೇಲೆ ಮುಟ್ಟಿ ನೋಡಿ. ಅದಕ್ಕೆ ಪ್ರತ್ಯೇಕ ಅವಧಿ ಬೇಕಿಲ್ಲ. ಹಾಜರಿ ಕರೆಯುವ ಮುನ್ನ ಕಾರ್ಡಿನ ಕಟ್ಟಿನಿಂದ ಒಂದನ್ನು ಎಳೆದು, ಹಿಂದಿನ ದಿನ ಸಹಪಾಠಿಯೊಬ್ಬರಲ್ಲಿ ಮೆಚ್ಚಿದ ಒಂದು ಸಂಗತಿಯನ್ನು ಆ ಪದ ಬಳಸಿ ಒಂದೇ ವಾಕ್ಯದಲ್ಲಿ ಹೇಳಲು ಒಬ್ಬರಿಗೆ ಅವಕಾಶ ಕೊಟ್ಟರೆ ಸಾಕು. ಯಾರ ಬಾಯಲ್ಲೂ ಹೆಸರು ಬಾರದೆ ಉಳಿದುಹೋಗುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರ ಪಟ್ಟಿಯನ್ನು ನೀವು ಗುಟ್ಟಾಗಿ ಇಟ್ಟುಕೊಂಡಿರಿ; ಯಾರ ಬಗ್ಗೆ ಹೇಳಬೇಕೆಂಬುದನ್ನು ವಾರಕ್ಕೊಮ್ಮೆ ಚೀಟಿ ಎತ್ತಿಸಿ ನಿರ್ಧರಿಸುವಾಗ ಆ ಪಟ್ಟಿಯ ಹೆಸರುಗಳೇ ಡಬ್ಬಿಯಲ್ಲಿರಲಿ, ಮತ್ತು ಚೀಟಿ ಎತ್ತಿದವರು ಹೇಳುವ ಮುನ್ನ ಒಂದು ದಿನ ಗಮನಿಸಿ ನೋಡಲು ಕಾಲಾವಕಾಶ ಪಡೆಯಲಿ.